ಅಡ್ಡಗೆರೆ

ಸೋಮ, ಬುಧ ತರಗತಿ; ಉಳಿದದ್ದು ಮೊಬೈಲಿನಲ್ಲಿ.
ಹಾಲೇಶ, ನಾನು ಬಾಯಿ ತೆರೆಯುವ ಮೊದಲೇ
ಕೈ ಎತ್ತುವವನು,
ಪರದೆಯಲ್ಲಿ ಬರೀ ‘ಹಾ’ ಎಂಬೊಂದು ಅಕ್ಷರ.
ಕರೆದರೆ ಓ ಅನ್ನುವುದಿಲ್ಲ.

ಕೊನೇ ಬೆಂಚಿನ ಶಮೀನಾಳ ದನಿ
ವರ್ಷವಿಡೀ ನಾನು ಕೇಳಿದ್ದಿಲ್ಲ.
ದಾವಣಗೆರೆ ಮಲಗಿ,
ಅವರ ಮನೆಯ ಮಂಡಕ್ಕಿ ಭಟ್ಟಿ ಆರಿದ ಮೇಲೆ
ಹನ್ನೊಂದೂ ಮುಕ್ಕಾಲಿಗೆ ಟಣ್ ಎನ್ನುತ್ತದೆ ಫೋನು:
“ಮೇಡಂ, ಹದಿನಾಲ್ಕನೇ ನಿಮಿಷದಲ್ಲಿ ಮೈನಸ್ ಬಿಟ್ಟಿದ್ದೀರಿ.”
ಹಿಂದಕ್ಕೆ ಸರಿಸಿ ನೋಡಿದೆ. ಹೌದು.

ಬುಧವಾರ ಎಲ್ಲರೆದುರು ಹೊಗಳಲು ಹೊರಟವಳು
ನುಂಗಿಕೊಂಡೆ. ತಲೆ ತಗ್ಗಿಸಿದ್ದಳು,
ಉಗುರಸಂದಿಯಲ್ಲಿ ಹೊಟ್ಟಿನ ಮಸಿ.
ಸುಮ್ಮನೆ ಹಲಗೆಯ ಮೇಲೆ ಎಳೆದೆ
ಆ ಸಣ್ಣ ಅಡ್ಡಗೆರೆ.
ಕೂಡಲೇ ಹಾಲೇಶ:
“ಇದೆಲ್ಲಿಂದ ಬಂತು ಮೇಡಂ?”

ಹಿಂದೆ ಯಾರೋ
ನಕ್ಕ ಹಾಗಾಯಿತು.
ತಿರುಗಲಿಲ್ಲ ನಾನು.