ಸೆಕೆಯ ಗಡಿ

ಡೆಲ್ಫೀನಳಿಗೆ ನಾನು ಕಲಿಸಿದ್ದು ಒಂದೇ ಕನ್ನಡ ಪದ: ಸೆಕೆ.
ಆಸ್ಪತ್ರೆಯ ಲಾಂಡ್ರಿಯಲ್ಲಿ ಹಬೆಯಾಡುವ ಹಾಸುಗಳನ್ನು
ಎರಡು ತುದಿ ಹಿಡಿದು ಮಡಚುವಾಗ ಕೇಳಿದ್ದಳು,
"ಬರೀ ಬಿಸಿ ಅಲ್ಲವಲ್ಲ ಇದು. ನಿಮ್ಮಲ್ಲಿ ಏನನ್ನುತ್ತೀರಿ?"
ಕಾರವಾರದ ಮಾತು ಕೊಟ್ಟೆ.
ಗ್ಯಾಲ್ವೆಸ್ಟನ್ನಿನ ಗಾಳಿಗೆ
ಅಳತೆ ಕೊಟ್ಟು ಹೊಲಿಸಿದಂತಿತ್ತು.

ಅಲ್ಲಿ ಜೂನ್ ಎಂದರೆ
ಒಗೆದದ್ದು ಮೂರು ದಿನ ಹಗ್ಗದ ಮೇಲೇ ಸಂಸಾರ ಹೂಡುತ್ತದೆ.
ಡಬ್ಬಿಗೆ ಅಕ್ಕಿಕಾಳು ಹಾಕಿಟ್ಟರೂ
ಉಪ್ಪು ಅಕ್ಕಿಯನ್ನೇ ಒಲಿಸಿಕೊಂಡು ಕಲ್ಲಾಗುತ್ತದೆ.
ಬಾಗಿಲು ದಾಟಿದೊಡನೆ ಕನ್ನಡಕ ಕುರುಡು.
ರಾತ್ರಿ ಹನ್ನೊಂದಕ್ಕೂ ಸಮುದ್ರ
ಒದ್ದೆ ಟವೆಲ್ಲಾಗಿ ಕುತ್ತಿಗೆ ಸುತ್ತಿಕೊಂಡಿರುತ್ತದೆ.

ಅವಳ ಅಡುಗೆಮನೆ ಮೇಜಿಗೆ ಒಂದು ಡ್ರಾಯರು.
ಚಂಡಮಾರುತ ಬಂದುಹೋದ ವರ್ಷ ಉಬ್ಬಿ ಕೂತದ್ದು
ಹನ್ನೊಂದು ಬೇಸಿಗೆ ಜಗ್ಗಿದರೂ ಜಪ್ಪಯ್ಯ ಅನ್ನಲಿಲ್ಲ.
ಗಂಡ ಎಲ್ಡ್ರಿಜ್ ಮೇಣ ಸವರಿದ, ಸುತ್ತಿಗೆ ಹಿಡಿದ,
"ಬಿಡು, ಚಳಿಗಾಲಕ್ಕೆ ನೋಡೋಣ" ಎಂದ.
ಅಲ್ಲಿನ ಚಳಿಗಾಲವೂ ಒದ್ದೆಯೇ.
ಆಮೇಲೆ ಅವನಿರಲಿಲ್ಲ.

ಡಾಕ್ಟರು ಅವಳ ಎದೆಗೆ ಒಣ ಊರು ಬರೆದುಕೊಟ್ಟರು.
ಬಾಡಿಗೆ ಟ್ರಕ್ಕು; ಸ್ಟಿಯರಿಂಗಿಗೆ ನಾನು, ನಕಾಶೆಗೆ ಅವಳು,
ಹಿಂದೆ ಕಾಲು ಮೇಲಾಗಿ ಮೇಜು.
ಸ್ಯಾನ್ ಆಂಟೋನಿಯೊ ತನಕ ಅಂಗಿ ಬೆನ್ನು ಬಿಡಲಿಲ್ಲ.
ಜಂಕ್ಷನ್ ದಾಟಿ, ಸೊನೋರಾ ದಾಟಿ,
ಒಜೋನಾದ ಪೆಟ್ರೋಲ್ ಬಂಕಿನಲ್ಲಿ ಇಳಿದರೆ
ಯಾರೋ ಗಾಳಿಯನ್ನು ಹಿಂಡಿ, ಕೊಡವಿ, ಒಣಹಾಕಿದ್ದಾರೆ!
ಉಷ್ಣ ಹತ್ತು ಡಿಗ್ರಿ ಹೆಚ್ಚೆಂದು ಬೋರ್ಡು ಹೇಳುತ್ತಿತ್ತು,
ಮೈ ನಂಬಲಿಲ್ಲ.
ಡೆಲ್ಫೀನ್ ಚಪ್ಪಲಿಯ ತುದಿಯಿಂದ ಮಣ್ಣಿನಲ್ಲಿ ಗೆರೆ ಎಳೆದಳು:
"ಸೆಕೆ ಇಲ್ಲಿಗೆ ಮುಗಿಯಿತು."

ಟೂಸಾನಿನಲ್ಲಿ ನನ್ನ ಕರಾವಳಿಯ ಪದಕೋಶ ಖಾಲಿ.
ಇದು ಝಳ, ರಾಯಚೂರಿನವರ ಆಸ್ತಿ.
ಆ ಕಡೆಯ ಲಾರಿಯವರು ನಮ್ಮ ಬಂದರಿಗೆ ಬಂದು
"ನಮ್ಮಲ್ಲಿ ನಲವತ್ತಮೂರು, ಆದರೂ ಇಷ್ಟು ತ್ರಾಸಿಲ್ಲವ್ವ" ಎಂದಾಗ
ಬಡಾಯಿ ಅಂದುಕೊಂಡಿದ್ದೆ. ತಪ್ಪಾಯಿತು.
ಬೆವರು ಹುಟ್ಟಿದ ಸುದ್ದಿ ಬರುವ ಮೊದಲೇ ಹೋಗಿಬಿಡುತ್ತದೆ.
ಬೆಣ್ಣೆ ಸವರಿ ತಿರುಗುವಷ್ಟರಲ್ಲಿ ಬ್ರೆಡ್ಡು ಹಪ್ಪಳ.
ನನ್ನ ತುಟಿ ಒಡೆಯಿತು, ಮೂಗಿನಲ್ಲಿ ರಕ್ತ.
ಅವಳ ಎದೆಯ ಸಿಳ್ಳೆ ಮಾತ್ರ ನಿಂತಿತ್ತು.
ಆ ಮೌನ ಅಭ್ಯಾಸವಿಲ್ಲದೆ
ರಾತ್ರಿ ಎರಡು ಸಲ ಎದ್ದು ಅವಳ ಮೂಗಿನ ಬಳಿ ಕೈ ಹಿಡಿದೆ.

ಒಂಬತ್ತನೆಯ ಬೆಳಿಗ್ಗೆ ಅಡುಗೆಮನೆಯಲ್ಲಿ ಟಪ್ ಎಂದಿತು.
ಡ್ರಾಯರು ತಾನಾಗಿ ಎರಡು ಬೆರಳು ಮುಂದೆ ಬಂದು ನಿಂತಿತ್ತು,
ಕೇಳಿದರೆ ಹೇಳುತ್ತೇನೆ ಎನ್ನುವ ಹಾಗೆ.
ಒಳಗೆ ಆಲೂಗಡ್ಡೆ ಹೆರೆಯುವ ಚೂರಿ, ಚರ್ಚಿನ ರಟ್ಟಿನ ಬೀಸಣಿಗೆ,
ಅರ್ಧ ಪ್ಯಾಕು ಸಿಗರೇಟು, ಬೆಂಕಿಪೊಟ್ಟಣ.
"ಬಿಟ್ಟಿದ್ದೇನೆ ಅಂತ ಅಮ್ಮನ ಮೇಲೆ ಆಣೆ ಇಟ್ಟಿದ್ದನಲ್ಲೇ!"
ಈಗ ನೆನೆದರೆ
ಎಲ್ಡ್ರಿಜ್ ಆ ಸುತ್ತಿಗೆಯನ್ನು ಬಲು ಮೆತ್ತಗೆ ಬಡಿದಿದ್ದ.
ನಗುನಗುತ್ತಲೇ ಕಡ್ಡಿ ಗೀರಿದಳು.
ದ್ವೀಪದಲ್ಲಿ ಹತ್ತು ಗೀರಿದರೂ ಮದ್ದು ಉದುರುವುದಷ್ಟೇ;
ಇಲ್ಲಿ ಮೊದಲ ಸಲಕ್ಕೇ ಹೊತ್ತಿತು.
ಬೆರಳಿಗೆ ತಾಗುವ ತನಕ ಹಿಡಿದೇ ನಿಂತಳು.
ಸಿಗರೇಟು ಮುಟ್ಟಲಿಲ್ಲ.

ನಾನು ಬಸ್ಸಿನಲ್ಲಿ ಮರಳಿದೆ. ಗೆರೆ ದಾಟಿದ್ದು ನಿದ್ದೆಯಲ್ಲಿ;
ಹಣೆಯ ಕೂದಲು ಸುರುಳಿ ಸುತ್ತಿಕೊಂಡು ಎಬ್ಬಿಸಿತು.

ಜುಲೈ ಕೊನೆಗೆ ಅವಳ ಫೋನು.
"ಇಲ್ಲೂ ಒಂದು ಮಳೆಗಾಲವಿದೆಯಂತೆ ಕಣೇ, ಯಾರೂ ಹೇಳಿರಲಿಲ್ಲ.
ಮಧ್ಯಾಹ್ನ ಮೋಡ ಕಟ್ಟಿತು, ಪೊದೆಗಳೆಲ್ಲ
ಹೊಸ ಡಾಂಬರಿನಂತೆ ನಾತವೋ ಘಮವೋ ತಿಳಿಯದ ಹಾಗೆ...
ಡ್ರಾಯರು ಮತ್ತೆ ಕಚ್ಚಿಕೊಂಡಿದೆ."

"ಒಳಗೆ ಏನಿಟ್ಟಿದ್ದೆ?"

ತುಸು ತಡೆದು,
ಲೂಯಿಸಿಯಾನದಲ್ಲಿ ಹುಟ್ಟಿದ ನಾಲಗೆಯ ಮೇಲೆ
ನನ್ನೂರಿನ ಪದವನ್ನು ಎಳೆದೆಳೆದು ಅಂದಳು:
"ಸೇ... ಕೆ."