ಮಾಸಲು

ಬಳ್ಳಾರಿಯ ಏಪ್ರಿಲಿನಲ್ಲಿ ಜಲವರ್ಣ ಮಾಡುವವರು
ಕೋಳಿಗಿಂತ ಮುಂಚೆ ಏಳಬೇಕು.
ಏಳು ಗಂಟೆಯಾಯಿತೆಂದರೆ
ಕುಂಚ ಎತ್ತುವಷ್ಟರಲ್ಲಿ ಗೆರೆಗೆ ದಡ ಕಟ್ಟಿರುತ್ತದೆ,
ಬಣ್ಣ ಬಣ್ಣವನ್ನು ಮುಟ್ಟುವ ಮೊದಲೇ
ನೀರು ಎದ್ದು ಹೋಗಿರುತ್ತದೆ,
ಮಾತಿನ ನಡುವೆ ಚಪ್ಪಲಿ ಹುಡುಕುವ ನೆಂಟನ ಹಾಗೆ.

ಕೌಲ್ ಬಜಾರಿನ ಮಾಳಿಗೆಯ ಮೇಲೆ
ನನ್ನ ಹಲಗೆ, ಎರಡು ಸ್ಟೀಲು ಬಟ್ಟಲು,
ಕಾಗದದ ಮೂಲೆಗಳಿಗೆ ಬಟ್ಟೆ ಕ್ಲಿಪ್ಪು.

ಕೆಂಪಿಗೆ ನಾನು ದುಡ್ಡು ಕೊಡುವುದಿಲ್ಲ.
ಅದು ತಾನಾಗಿ ಬರುತ್ತದೆ ಅದಿರು ಲಾರಿಗಳ ಹಿಂದೆ,
ಕಿಟಕಿಯ ಸಂದಿಯಲ್ಲಿ ನುಗ್ಗಿ
ತೊಳೆದು ಬೋರಲಿಟ್ಟ ತಟ್ಟೆಯ ಮೇಲೂ ಕೂರುತ್ತದೆ.
ಅಮ್ಮ ಅದನ್ನು ಮೂವತ್ತು ವರ್ಷ ಒರೆಸಿದಳು.
ನಾನು ಗುಡಿಸಿ, ಸೋಸಿ, ಜಾಲಿಗೋಂದು ಬೆರೆಸಿ
ಸೀಸೆಯ ಮೇಲೆ ಚೀಟಿ ಅಂಟಿಸಿದ್ದೇನೆ:
ಅಮ್ಮನ ಕಿಟಕಿ, ಪಡುವಣ ಗಾಳಿ.

ನೀಲಿ ತರುವವಳು ಎರ್ರಮ್ಮ.
ಹೆಸರಿನಲ್ಲಿ ಕೆಂಪು
(ಈ ಊರಿಗೆ ಅಷ್ಟು ತೆಲುಗು ಬರುತ್ತದೆ),
ಮೊಣಕೈವರೆಗೆ ನೀಲಿ.
ಜೀನ್ಸ್ ತೊಳೆಯುವಲ್ಲಿ ರಾತ್ರಿ ಪಾಳಿ ಮುಗಿಸಿ
ಹಳೇ ಸೋಡಾ ಬಾಟಲಿಯಲ್ಲಿ
ಮೊದಲ ತೊಳೆತದ ನೀರು ತುಂಬಿ ತಂದು
ಮೆಟ್ಟಿಲ ಮೇಲೆ ಇಡುತ್ತಾಳೆ:
“ತಗಳ್ರಿ ಟೀಚರ್, ಮೋರಿಗೆ ಹೋಗಾದು ನಿಮಗ್ ಬಂತು.”

ಆ ಚಿತ್ರದಲ್ಲಿ ಏನೂ ಇರಲಿಲ್ಲ.
ಗುಡ್ಡ ಅಲ್ಲ, ಕೋಟೆ ಅಲ್ಲ, ಮುಖ ಅಲ್ಲ.
ನೆನೆದ ಕಾಗದದ ಮೇಲಿನಿಂದ ನೀಲಿ ಇಳಿಯಿತು,
ಕೆಳಗಿನಿಂದ ಕೆಂಪು ಹತ್ತಿತು.
ನಾನು ಮಾಡಿದ್ದಿಷ್ಟೇ,
ಹಲಗೆಯನ್ನು ಒಂದು ಬೆರಳು ಓರೆ ಮಾಡಿದೆ.
ಎರಡೂ ಸೇರಿದಲ್ಲಿ ಹೆಸರಿಲ್ಲದ ಒಂದು ಬಣ್ಣ,
ಬಾಡಿದ ಬದನೆಯದು,
ಮೂರನೇ ದಿನದ ಪೆಟ್ಟಿನದು.
ಮರುದಿನ ಬೋರ್‌ನೀರಿನ ಉಪ್ಪು
ಅಂಚಿನಲ್ಲಿ ಹರಳುಗಟ್ಟಿತ್ತು. ನಾನು ಕರೆಯದ ಬಿಳುಪು.
ಅದನ್ನೂ ಇರಲಿ ಎಂದೆ.

ಪಡಸಾಲೆಯ ಗೋಡೆಗೆ ತೂಗುಹಾಕಿದೆ.
ದಿನಕ್ಕೊಂದು ತಾಸು
ಬೆಳಕಿಂಡಿಯ ಬಿಸಿಲು ಅದರ ಮೇಲೆ ಹಾದು ಹೋಗುತ್ತಿತ್ತು,
ಅಷ್ಟೇ.

ಕಾರ್ತೀಕದಲ್ಲಿ ಡಬ್ಬಿ ಕೊಡಲು ಬಂದ ಎರ್ರಮ್ಮ
ಗೋಡೆಯ ಮುಂದೆ ನಿಂತಳು.
“ನನ್ ನೀಲಿ ಎಲ್ಲಿ?”

ನಾನು ತಡವರಿಸಿದೆ.
ಗಾಜು ಹಾಕಿಸಬೇಕಿತ್ತು, ಒಳ್ಳೆಯ ಬಣ್ಣ ತರಿಸಬೇಕಿತ್ತು,
ಟ್ಯೂಬೊಂದಕ್ಕೆ ಎಂಟುನೂರು ರೂಪಾಯಿ...

ಅವಳು ನಕ್ಕಳು.
“ನೀಲಿ ತೆಗೆಯಾದೇ ನಮ್ ಕೆಲಸ.
ಮಾಸಿದ್ಕೇ ರೇಟು ಜಾಸ್ತಿ, ಗೊತ್ತೇನ್ರಿ?
ಹೊಸಾ ಪ್ಯಾಂಟಿಗೆ ಒಂದ್ ತಾಸ್ನಾಗ
ಎರಡ್ ವರ್ಷ ವಯಸ್ ಹಾಕ್ತೀವಿ.
ಮೊಣಕಾಲ ಹತ್ರ ಉಜ್ಜಿ ಉಜ್ಜಿ,
ಅವರು ಕೂಡದ ನೆಲದಾಗ ಅವರನ್ನ ಕೂಡಸ್ತೀವಿ.
ನಿಮ್ ಗ್ವಾಡಿ ಪುಕ್ಕಟೆ ಮಾಡೈತೆ.”

ಮತ್ತೆ ಹತ್ತಿರ ಹೋಗಿ
ಮೂಸುವವಳಂತೆ ಬಗ್ಗಿ ನೋಡಿದಳು.
ಕೆಂಪು ಇತ್ತು. ಕಬ್ಬಿಣ, ಮುದಿ ಜೀವ,
ಬಿಸಿಲಿಗೆ ಸೊಪ್ಪು ಹಾಕುವುದಿಲ್ಲ.
ಆದರೆ ಅದರ ಮೇಲಂಚು ಒಂದು ಕಡೆ
ಒಳಕ್ಕೆ ಬಾಗಿ ಸರಿದು ನಿಂತಿತ್ತು,
ಓಣಿಯಲ್ಲಿ ಯಾರಿಗೋ ದಾರಿ ಬಿಟ್ಟವರ ಹಾಗೆ.
ಹೋದವರು ಹೋಗಿದ್ದರು,
ಬಿಟ್ಟವರು ಇನ್ನೂ ಗೋಡೆಗೆ ಒತ್ತಿಕೊಂಡೇ ಇದ್ದರು.

“ನಿನ್ನ ಕೈಯದು ಹೋಗುತ್ತಾ?” ಕೇಳಿದೆ.
ಕರೆಂಟಿಲ್ಲದೆ ಎರಡು ವಾರ ಕೆಲಸ ನಿಂತಾಗ
ಉಗುರ ಬುಡದಲ್ಲಿ ಬೆಳ್ಳನೆ ಚಂದ್ರ ಹುಟ್ಟಿತ್ತಂತೆ.
“ಅನ್ನ ಕಲಸಾಕ ಹೋಗಿ ಅಂಜಿಕೆ ಬಂತ್ರಿ,
ಯಾರ್ ಕೈಯೋ ಅನಸ್ತು.”

ಚಿತ್ರ ತಿರುಗಿಸಿ, ಹಿಂದೆ ಬರೆದಿದ್ದ ತಾರೀಖಿನ ಮುಂದೆ
ಒಂದು ಅಡ್ಡಗೆರೆ ಎಳೆದೆ.
ಅದರಾಚೆ ಏನು ಬರೆಯಬೇಕೋ ತಿಳಿಯದೆ
ಪೆನ್ನು ಹಿಡಿದು ನಿಂತಿದ್ದೆ.

ಹೊರಗೆ ನಲ್ಲಿ ಕೆಮ್ಮಿತು. ಬರೀ ಗಾಳಿ,
ಆಮೇಲೆ ತುಸು ಕೆಸರು,
ಆಮೇಲೆ, ಎಂಟು ದಿನದ ಮೇಲೆ, ನೀರು.
ಕೊಡ ಹುಡುಕುತ್ತ ಇಬ್ಬರೂ ಓಡಿದೆವು.