ಚುಕ್ಕಿಗೆ ದರವಿಲ್ಲ

ಅಜ್ಮಾನಿನ ಸನಾಯ್ಯದಲ್ಲಿ, ಟೈರಿನಂಗಡಿಯ ಹಿಂದೆ ನಮ್ಮ ಶೆಡ್ಡು.
ಮೆಷಿನ್ನು ಅಕ್ರಿಲಿಕ್ ಕೊರೆಯುವಾಗ
ಹಲ್ಲಿನ ಡಾಕ್ಟರ ಕೋಣೆಯ ಸದ್ದು.
ಬರುವವರೆಲ್ಲ ಬಾಗಿಲಲ್ಲೇ ನಿಂತು ಕೇಳುತ್ತಾರೆ:
"ಅಡಿಗೆಷ್ಟು?"

ಯಾವ ಅಡಿ ಮಾರಾಯ್ರೇ?
ಫ್ಲೆಕ್ಸಿನ ಅಡಿಯೇ, ಉಕ್ಕಿನ ಅಡಿಯೇ,
ಹೊಟ್ಟೆಯಿಂದ ಬೆಳಗಬೇಕೆ, ಬೆನ್ನಿಂದ ಬೆಳಗಬೇಕೆ?
ಕ್ರೇನು ಬೇಕೆ, ಏಣಿ ಸಾಕೆ?
ಬಲದಿಯಾದ ಪರವಾನಗಿ ಯಾರ ತಲೆಗೆ?
ಇಷ್ಟು ಕೇಳುವಷ್ಟರಲ್ಲಿ ಅವರು ಅಂದಾಗಿರುತ್ತದೆ:
"ಶಾರ್ಜಾದಲ್ಲಿ ಇದಕ್ಕಿಂತ ಕಡಿಮೆ."

ಇಂಗ್ಲಿಷಿನ ಲೆಕ್ಕ ಸುಲಭ.
ಇಂಚಿನಲ್ಲಿ ಎತ್ತರ, ಗುಣಿಸು ಅಕ್ಷರ, ಗುಣಿಸು ಏಳು ದಿರ್ಹಮ್.
ಐ ಆದರೂ ಅಷ್ಟೇ, ಡಬ್ಲ್ಯೂ ಆದರೂ ಅಷ್ಟೇ,
ಸಣಕಲನೂ ಬಸ್ಸಿಗೆ ಪೂರ್ತಿ ಟಿಕೆಟ್ ಕೊಡುವಂತೆ.
ಅರಬ್ಬಿ ಹಾಗಲ್ಲ. ಒಂದರ ಕೈ ಇನ್ನೊಂದು ಹಿಡಿದು
ಅರ್ಧ ಹೆಸರು ಒಂದೇ ತುಂಡಾಗಿ ಬರುತ್ತದೆ.
ಎಲ್ಲಿ ಕಡಿದು ಎಣಿಸುವುದು?

ಉಸ್ತಾದ್ ಬಖೀತ್, ಓಮ್ದುರ್ಮಾನಿನವರು,
ಲೇಖನಿ ಕಚ್ಚಿಕೊಂಡೇ ಹೇಳಿದ್ದರು: "ಉಸಿರು ಎಣಿಸು.
ಒಂದು ಉಸಿರಲ್ಲಿ ಮುಗಿದರೆ ಒಂದು."
ಹಾಗಾದರೆ ಚುಕ್ಕಿಗಳು ಉಸ್ತಾದ್?
ಬಿಡಿಬಿಡಿಯಾಗಿ ಕೊರೆಯಬೇಕು, ಬಿಡಿಬಿಡಿಯಾಗಿ ಕೂರಿಸಬೇಕು,
ಒಂದೊಂದರ ಒಳಗೂ ಒಂದೊಂದು ದೀಪ, ಒಂದೊಂದು ವಯರು.
ಅವರು ನಕ್ಕರು: "ಚುಕ್ಕಿ ಪುಕ್ಕಟೆ.
ಆದರೆ ಉದುರಿದರೆ, ಓದುವವನಿಗೆ
ಅದು ಬೇರೆಯೇ ಅಂಗಡಿ."

ಮೊನ್ನೆ ಶನಿವಾರ ರಾತ್ರಿ ನಾವು ಬೋರ್ಡಿನವರು ಐದು ಜನ
ಚಹಾದಂಗಡಿಯ ಹೊರಗೆ ಸೇರಿದ್ದೆವು, ಪಿಕಪ್ಪಿನ ಬಾನೆಟ್ಟೇ ಮೇಜು.
ಭಟ್ಕಳದ ಜಿಫ್ರಿ ಆಣೆ ಹಾಕಿಸಿದ:
ಹದಿನೆಂಟರಿಂದ ಕೆಳಗೆ ಯಾರೂ ಫ್ಲೆಕ್ಸ್ ಇಳಿಸಕೂಡದು.
ಎಲ್ಲರೂ ಹೂಂ ಅಂದೆವು.
ತ್ರಿಶ್ಶೂರಿನ ಪೌಲೋಸ್ ಎರಡು ಸಲ ಹೂಂ ಅಂದ.
ಸೋಮವಾರ ಬೆಳಿಗ್ಗೆ ಹದಿಮೂರಕ್ಕೆ ಇಳಿದವನು
ಅವನೇ ಅಂದುಕೊಂಡಿರಬೇಕು ನೀವು.
ಅಲ್ಲ, ನಾನು.
ಶೆಡ್ಡಿನ ಬಾಡಿಗೆಯ ಚೆಕ್ಕು ಬುಧವಾರಕ್ಕಿತ್ತು.

ಗಂಗೊಳ್ಳಿಯಲ್ಲಿ ದೋಣಿಗಳಿಗೆ ಹೆಸರು ಬರೆಯುತ್ತಿದ್ದಾಗ
ದರ ಬಂಗುಡೆಯಲ್ಲಿತ್ತು: ಅಕ್ಷರಕ್ಕೆ ಎರಡು,
ಒತ್ತಕ್ಷರವಿದ್ದರೆ ಮೂರು.
ತಾಂಡೇಲನೊಬ್ಬ ತಕರಾರು ತೆಗೆದ:
"ಮೀನು ತುಂಬಿದ ಮೇಲೆ ಒತ್ತು ನೀರಿನಡಿ ಹೋಗುತ್ತದೆ,
ಕಾಣದ್ದಕ್ಕೆ ನಾನೇಕೆ ಕೊಡಲಿ?"
ಹತ್ತೊಂಬತ್ತು ವರ್ಷ ಈ ಕೊಲ್ಲಿಯಲ್ಲಿ ದುಡಿದೆ,
ಅದಕ್ಕಿಂತ ಒಳ್ಳೆಯ ಚೌಕಾಸಿ ಕೇಳಿಲ್ಲ.

ಇವತ್ತು ರಶೀದಿಯಾದಿಂದ ಕಜೆತಾನ್ ಮಥಾಯಸ್ ಬಂದರು.
ಅವರ ದರ್ಜಿಯಂಗಡಿಯ ಬೋರ್ಡು ನಾನೇ ಕೂರಿಸಿದ್ದು,
ಆಗ ಮೂರು ದಿನ ಜಗ್ಗಾಡಿದ್ದೆವು.
"ತೆಗೆಯಲು ಎಷ್ಟು?" ಅಂದರು.
ಬಾನೆಟ್ಟಿನ ಸುತ್ತ ನಾವು ಐವರು
ತೆಗೆಯುವುದರ ಮಾತೇ ಆಡಿರಲಿಲ್ಲ.
ನೂರಿಪ್ಪತ್ತು ಅಂದೆ. ಎಂಬತ್ತು ಅಂದರು.
ಅಭ್ಯಾಸಬಲ, ನೂರು ಅಂದೆ.
"ಲಾಸ್ಟ್ ಎಷ್ಟು?" ಅದೂ ಅಭ್ಯಾಸಬಲವೇ. ತೊಂಬತ್ತು.

ಅಕ್ಷರ ಕಳಚಿದರೆ ಹಿಂದೆ ಅಕ್ಷರವೇ ಇತ್ತು.
ಹನ್ನೊಂದು ವರ್ಷದ ಬಿಸಿಲು ಸುತ್ತಲಿನ ಬಣ್ಣ ತಿಂದು
ಅವುಗಳ ನೆರಳಿನಷ್ಟನ್ನು ಮುಟ್ಟದೆ ಬಿಟ್ಟಿತ್ತು.
ಕಟ್ಟಡದ ಮಾಲೀಕ ಕೆಳಗಿನಿಂದ ಕೂಗಿದ:
ಅದನ್ನೂ ತೆಗೆಯಬೇಕು.
ಬಣ್ಣದ ಡಬ್ಬಿ ನಲವತ್ತೈದು, ತೊಂಬತ್ತರಲ್ಲಿ ಸೇರಿರಲಿಲ್ಲ.
ಮಥಾಯಸ್ ಮಾತಾಡಲಿಲ್ಲ, ನಾನೂ ಕೇಳಲಿಲ್ಲ.

ಖಯ್ಯಾತ್ ಎಂಬ ಅರಬ್ಬಿ ಪದಕ್ಕೆ ಮೂರು ಚುಕ್ಕಿ,
ಮೇಲೆ ಒಂದು, ಕೆಳಗೆ ಎರಡು.
ಮೂರನ್ನೂ ಕೈಗೆ ಕೊಟ್ಟೆ.
ಅಂಗೈ ಅಗಲದವನ್ನು ಅವರು ತಿರುಗಿಸಿ ತಿರುಗಿಸಿ ನೋಡಿದರು,
ದಾರ ಪೋಣಿಸುವ ತೂತು ಹುಡುಕುವವರಂತೆ.
ಆಮೇಲೆ ಜೇಬಿಗೆ ಹಾಕಲು ನೋಡಿದರು. ಹಿಡಿಸಲಿಲ್ಲ.

ಮೊದಲ ಕೋಟು ಒಣಗಬೇಕಿತ್ತು.
ಇಬ್ಬರೂ ನೆರಳಲ್ಲಿ ನಿಂತೆವು.
ಏಣಿ ಬಾಡಿಗೆಯದು, ಗಂಟೆಗೆ ಹತ್ತು.